ಈಗ ಏನ್ ಮಾಡ್ತಿದೀಯ?

ದಾವಣಗೆರೆಯ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್... ಮಧ್ಯಾಹ್ನದ ಬ್ಯಾಚ್.

ಕಾಲೇಜು ಹುಡುಗ ಹುಡುಗಿಯರ ನಡುವೆ ಐವತ್ತು ದಾಟಿದವರು ಒಬ್ಬರೇ. ಟೈಲ್ಸ್ ಅಂಗಡಿಯ ರುದ್ರೇಶಪ್ಪ.

ಟೈಲ್ಸ್ ಕಂಪನಿಯವರ ಮೀಟಿಂಗ್‌ನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವಾಗ ಇವರು ಸುಮ್ಮನೆ ತಲೆ ಆಡಿಸಿ, ಬಿಸ್ಕೆಟ್ ತಿಂದು ಎದ್ದು ಬರುತ್ತಿದ್ದರು. ಆ ಅವಮಾನ ಸಾಕಾಗಿ ಕ್ಲಾಸಿಗೆ ಸೇರಿದ್ದರು.

ಹಠ ಅಂದರೆ ಹಠ... ತಿಂಡಿ ತಿನ್ನುವಾಗಲೂ ಕಿವಿಯಲ್ಲಿ ಇಯರ್‌ಫೋನ್, ಬಾಯಲ್ಲಿ ಇಂಗ್ಲಿಷ್!

ಅವತ್ತು ನಾಜಿಮಾ ಮೇಡಂ ಒಬ್ಬೊಬ್ಬರಿಗೂ ಒಂದೊಂದು ಕ್ರಿಯಾಪದ ಕೊಟ್ಟರು. ರುದ್ರೇಶಪ್ಪನವರಿಗೆ ಸಿಕ್ಕಿದ್ದು 'ವೇಟ್'. ಅಂದರೆ ಕಾಯುವುದು.

"ಕಸ್ಟಮರ್ ವೇಟ್ಸ್. ಕಸ್ಟಮರ್ ಈಸ್ ವೇಟಿಂಗ್. ಕಸ್ಟಮರ್ ಹ್ಯಾಸ್ ವೇಟೆಡ್..." ಒಂದೇ ಉಸಿರಿಗೆ ಹೇಳಿಬಿಟ್ಟರು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ಮೇಡಂ ನಕ್ಕರು. "ಸರಿ ಇದೆ ಸರ್. ಆದ್ರೆ ಇದು ಬಾಯಿಪಾಠ. ಈಗ ನಿಜವಾಗ್ಲೂ ನಡೀತಿರೋದನ್ನ ಹೇಳ್ಬೇಕು. ಎಲ್ರೂ ಮನೆಗೆ ಫೋನ್ ಮಾಡಿ, ಈಗ ಏನ್ ಮಾಡ್ತಿದೀರ ಅಂತ ಕೇಳಿ. ಅವ್ರು ಹೇಳಿದ್ದನ್ನ ಇಂಗ್ಲಿಷ್‌ನಲ್ಲಿ ಹೇಳಿ. ಸ್ಪೀಕರ್ ಆನ್ ಇರ್ಲಿ."

ಒಬ್ಬನ ಅಮ್ಮ ಬಟ್ಟೆ ಒಣಗಿಸುತ್ತಿದ್ದರು. ಒಬ್ಬಳ ಅಜ್ಜಿ ಸೀರಿಯಲ್ ನೋಡುತ್ತಾ, ಆಮೇಲೆ ಮಾಡು ಎಂದು ಬೈದು ಫೋನ್ ಇಟ್ಟರು. ಕ್ಲಾಸ್ ತುಂಬಾ ನಗು.

ರುದ್ರೇಶಪ್ಪನವರ ಸರದಿ ಬಂತು. ಹೆಂಡತಿ ಸರ್ವಮಂಗಳಮ್ಮನಿಗೆ ಫೋನ್ ಮಾಡಿದರು.

"ಮಂಗಳಾ, ಈಗ ಏನ್ ಮಾಡ್ತಿದೀಯ?"

ಆ ಕಡೆಯಿಂದ ಗಾಬರಿಯ ದನಿ...

"ಏನ್ರೀ, ಏನಾತು? ಆರಾಮಿದೀರಾ? ಯಾವತ್ತೂ ಕೇಳದೋರು ಇವತ್ಯಾಕೆ ಕೇಳ್ತಿದೀರಾ?"

ಹುಡುಗರು ಮತ್ತೆ ನಕ್ಕರು. ರುದ್ರೇಶಪ್ಪನವರೂ ನಕ್ಕರು. "ಏನಿಲ್ಲ ಮಾರಾಯ್ತಿ, ಸುಮ್ನೆ ಹೇಳು."

"ಕಾಯ್ತಾ ಕೂತಿದೀನ್ರೀ... ಆಸ್ಪತ್ರೇಲಿ."

"ಆಸ್ಪತ್ರೇಲಿ? ಯಾಕೆ?"

"ಕುತ್ತಿಗೆ ಗಂಟಿಂದು ರಿಪೋರ್ಟ್ ಬರುತ್ತಲ್ಲ ಇವತ್ತು... ಬೆಳಿಗ್ಗೆ ತಿಂಡಿ ಕೊಡುವಾಗ ಹೇಳಿದ್ನಲ್ರೀ. ನೀವು ಹ್ಞೂಂ ಅಂದ್ರಿ."

"ಗಂಟಾ... ಯಾವ ಗಂಟು?"

"ಹೋದ ವಾರಾನೂ ಹೇಳಿದ್ದೆ. ಆಗ್ಲೂ ಹ್ಞೂಂ ಅಂದ್ರಿ... ಇರ್ಲಿ ಬಿಡಿ, ಅಂಗಡಿ ಕೆಲಸ ನಿಮಗೆ. ನಾನು ತೋರಿಸ್ಕೊಂಡು ಬರ್ತೀನಿ."

ಈಗ ಕ್ಲಾಸಿನಲ್ಲಿ ಯಾರೂ ನಗಲಿಲ್ಲ.

ರುದ್ರೇಶಪ್ಪನವರಿಗೆ ಬೆಳಿಗ್ಗೆ ತಿಂಡಿ ಹೊತ್ತಿನಲ್ಲಿ ಕಿವಿಯಲ್ಲಿದ್ದ ಇಯರ್‌ಫೋನ್ ನೆನಪಾಯಿತು. ತಾವು ಹೇಳಬೇಕಾದ ಇಂಗ್ಲಿಷ್ ವಾಕ್ಯವೂ ನೆನಪಿತ್ತು... 'ಶಿ ಈಸ್ ವೇಟಿಂಗ್.' ಅದನ್ನು ಹೇಳದೆ, ಯಾವ ಆಸ್ಪತ್ರೆ ಎಂದಷ್ಟೇ ಕೇಳಿ ಫೋನ್ ಜೇಬಿಗಿಟ್ಟರು.

ಬ್ಯಾಗ್ ಬೆಂಚಿನ ಮೇಲೇ ಬಿಟ್ಟು ಎದ್ದು ಹೊರಟರು. ಮೇಡಂ ತಾವೇ ಬಾಗಿಲು ತೆಗೆದು ನಿಂತರು.

ಆಸ್ಪತ್ರೆಯ ಸಾಲು ಕುರ್ಚಿಯಲ್ಲಿ ಸರ್ವಮಂಗಳಮ್ಮ ಒಬ್ಬರೇ ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಅವರ ಕೈಚೀಲ. ಗಂಡ ಏದುಸಿರು ಬಿಡುತ್ತಾ ಬಂದಿದ್ದನ್ನು ನೋಡಿ ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

"ಅಂಗಡಿ?"

"ಹುಡುಗರು ನೋಡ್ಕೋತಾರೆ."

ಖಾಲಿಯಾದ ಕುರ್ಚಿಯಲ್ಲಿ ರುದ್ರೇಶಪ್ಪ ಕೂತರು. ಗಂಡನ ಬಾಡಿದ ಮುಖ ನೋಡಲಾಗದೆ ಸರ್ವಮಂಗಳಮ್ಮನೇ ಛೇಡಿಸಿದರು. "ಅಷ್ಟು ದುಡ್ಡು ಕೊಟ್ಟು ಇಂಗ್ಲಿಷ್ ಕ್ಲಾಸಿಗೆ ಹೋಗ್ತೀರಲ್ಲ... ಏನ್ ಕಲ್ತ್ರಿ, ಹೇಳಿ ನೋಡನ."

ರುದ್ರೇಶಪ್ಪ ಮೆಲ್ಲಗೆ ಹೇಳಿದರು. "ವಿ ಆರ್ ವೇಟಿಂಗ್."

"ಹಂಗಂದ್ರೆ?"

"ನಾವಿಬ್ರೂ ಕಾಯ್ತಾ ಇದೀವಿ ಅಂತ."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಸರ್ವಮಂಗಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಕರೆದು, ಭಯಪಡುವಂಥದ್ದೇನೂ ಇಲ್ಲ, ಗಂಟು ಮಾತ್ರೆಯಲ್ಲೇ ಹೋಗುತ್ತದೆ ಎಂದರು. ಆದರೆ ಆಕೆಯ ಭಯ ಅದಕ್ಕಿಂತ ಮೊದಲೇ ಅರ್ಧ ಇಳಿದಿತ್ತು...

ಹೊರಗಿನವರ ಜೊತೆ ಮಾತಾಡಲು ಹೊಸ ಭಾಷೆ ಕಲಿಯೋಣ... ಅದರ ಜೊತೆಗೆ, ಮನೆಯವರು ನಮ್ಮದೇ ಭಾಷೆಯಲ್ಲಿ ಹೇಳುವುದನ್ನು ಕೇಳಿಸಿಕೊಳ್ಳುವುದನ್ನೂ ಕಲಿಯೋಣ.

ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ ನಿಮ್ಮ ಮನೆಯವರು ಏನು ಮಾಡುತ್ತಿದ್ದಾರೆ... ನಿಮಗೆ ಗೊತ್ತಾ?