ಹದಿನಾಲ್ಕನೇ ಪಂಪಿನ ಆರೋಗ್ಯ

ಎರಡು ಕಾರ್ಡುಗಳು ಗ್ರೀಸಿನಿಂದ ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ಲೊರೇನ್ ಬೆಣ್ಣೆ ಸವರುವ ಚಾಕುವಿನಿಂದ ಅವನ್ನು ಮೆಲ್ಲಗೆ ಬಿಡಿಸಿ, ಒರೆಸಿ, ಸ್ಕ್ಯಾನರಿನ ಬಾಯಿಗೆ ಇಟ್ಟಳು. ಆರು ವಾರದಿಂದ ಇದೇ ಕೆಲಸ. ವಿಸ್ಕಾನ್ಸಿನ್ನಿನ ಆ ಕಾಗದದ ಮಿಲ್ಲಿನಲ್ಲಿ ಯಂತ್ರಕ್ಕೊಂದು ಕಾರ್ಡು. ಯಾವಾಗ ಗ್ರೀಸು ಹಾಕಿದರು, ಯಾವಾಗ ಕೆಟ್ಟಿತು, ಎಲ್ಲ ಅದರಲ್ಲೇ. ಈಗ ಅಷ್ಟೂ ಕಂಪ್ಯೂಟರಿಗೆ ಹೋಗಬೇಕು.

ಹೋದ ಮೇಲೆ ಕಂಪ್ಯೂಟರು ಒಂದು ತೀರ್ಪು ಕೊಡುವುದಿತ್ತು. ಗ್ರೀಸು ಹಾಕಲು ಓರ್ವಿಲ್, ರಸ್ ಇಬ್ಬರೂ ಬೇಡ, ಒಬ್ಬ ಸಾಕು. ದಾಖಲೆ ಕೆಟ್ಟದಾಗಿದ್ದವನು ಶುಕ್ರವಾರ ಮನೆಗೆ.

ಕೆಟ್ಟ ದಾಖಲೆ ಯಾರದೆಂದು ಕೇಳಬೇಕಿರಲಿಲ್ಲ. ಓರ್ವಿಲ್‌ನ ಕಾರ್ಡುಗಳೆಂದರೆ ಆಸ್ಪತ್ರೆಯ ಚೀಟಿಗಳೇ: 'ಬೇರಿಂಗು ಬಿಸಿ', 'ಸದ್ದು ಮಾಡುತ್ತಿದೆ', 'ಇವತ್ತು ಬಿಡುವಾಗಲಿಲ್ಲ, ನಾಳೆ'. ಅವನ ಎಣ್ಣೆಗೈಯ ಗುರುತಿಲ್ಲದ ಕಾರ್ಡು ಒಂದೂ ಇಲ್ಲ. ರಸ್‌ನವೋ ಇಸ್ತ್ರಿ ಮಾಡಿದ ಅಂಗಿಯಂತೆ ಬೆಳ್ಳಗೆ. ಸೋಮವಾರಕ್ಕೊಂದು ಸರಿ ಗುರುತು, ಮುಗಿಯಿತು.

ಕಾಫಿ ಹೊತ್ತಿಗೆ ಓರ್ವಿಲ್ ಬಾಗಿಲಲ್ಲಿ ನಿಂತ.

"ನನ್ನ ಪಾಪದ ಮೂಟೆ ಎಲ್ಲೀವರೆಗೆ ಬಂತು, ಲೊರೇನ್?"

"ಪಿಂಚಣಿಗೆ ಇನ್ನೆರಡೇ ವರ್ಷ ಇತ್ತಲ್ಲೋ ನಿಂಗೆ. ಸ್ವಲ್ಪ ಒಳ್ಳೇದು ಬರೆದಿದ್ರೆ ಕೈ ಸವೆದು ಹೋಗ್ತಿತ್ತಾ?"

"ಬಿಸಿ ಇರೋದನ್ನ ತಣ್ಣಗಿದೆ ಅಂತ ಬರೆದ್ರೆ ತಣ್ಣಗಾಗುತ್ತಾ? ಬೇರಿಂಗಿಗೆ ಓದೋಕೆ ಬರಲ್ಲ ಮಾರಾಯ್ತಿ."

ಮೂಲೆಯ ಮೇಜಿನಲ್ಲಿ ರಸ್ ಡೋನಟ್ ಮುಗಿಸಿ ಬೆರಳು ಒರೆಸಿಕೊಂಡ. ವಾರದ ಕಾರ್ಡುಗಳನ್ನು ಅಲ್ಲೇ ಹರಡಿಕೊಂಡು ಗುರುತು ಹಾಕುತ್ತ ಕೂತಿದ್ದ.

"ಯಂತ್ರಕ್ಕೂ ಕೈಗುಣ ಅಂತ ಒಂದಿದೆ ಕಣಯ್ಯಾ. ನನ್ನ ಹದಿನಾಲ್ಕನೇ ಪಂಪು ನೋಡು. ಹನ್ನೊಂದು ವರ್ಷದಿಂದ ಚಕಾರ ಎತ್ತಿಲ್ಲ."

"ಅಂಥಾ ಪಂಪನ್ನ ಒಂದ್ಸಲ ನೋಡ್ಕೊಂಡಾದ್ರೂ ಬರ್ತೀನಿ."

"ನನ್ನ ಕಡೆ ನಿನಗೇನಪ್ಪಾ ಕೆಲಸ?"

ಓರ್ವಿಲ್ ತನ್ನ ಪಾಲಿನ ಯಂತ್ರಗಳ ಕಡೆಗೇ ಹೊರಟ. ಒಬ್ಬನ ಪಾಲಿನ ಯಂತ್ರಗಳ ಹತ್ತಿರ ಇನ್ನೊಬ್ಬ ಸುಳಿಯಬಾರದು. ಅದು ಮಿಲ್ಲಿನ ಹಳೆಯ ಮರ್ಯಾದೆ. ಓರ್ವಿಲ್ ಮರ್ಯಾದಸ್ಥ.

ಗುರುವಾರ ಮುಖ್ಯ ಕಚೇರಿಯಿಂದ ಪ್ರೆಂಟಿಸ್ ಫೋನು ಮಾಡಿದ. ಅವನು ಮಿಲ್ಲನ್ನು ಕಂಡವನಲ್ಲ, ಪರದೆಯ ಮೇಲೆ ಕಂಡಿದ್ದ.

"ಅದ್ಭುತ, ಲೊರೇನ್! ಆ ಹದಿನಾಲ್ಕನೇ ಪಂಪಿಗೆ ಹನ್ನೊಂದು ವರ್ಷದಲ್ಲಿ ಒಂದು ಬೋಲ್ಟೂ ಬೇಕಾಗಿಲ್ಲ. ಇಡೀ ಕಂಪನೀಲಿ ಅದೇ ಮೊದಲು. ಬಾಕಿ ಪಂಪುಗಳೂ ಅದೇ ಸ್ಥಿತಿಗೆ ಬರಬೇಕು. ರಸ್ ಇರಲಿ. ಇನ್ನೊಬ್ಬನ ಕಾಗದ ಸಿದ್ಧ ಮಾಡಿ."

"ಓರ್ವಿಲ್ ಕಂಡಿದ್ದನ್ನ ಕಂಡ ಹಾಗೆ ಬರೀತಾನೆ ಸಾರ್. ಅದೇ ಅವನ ತಪ್ಪು."

"ಯಾರು ಹೇಗೆ ಅಂತ ಈಗ ಲೆಕ್ಕವೇ ಹೇಳುತ್ತಲ್ಲ? ಹಾಂ, ಡ್ರಾಯರಲ್ಲಿ ಉಳಿದಿದ್ದೆಲ್ಲ ಇವತ್ತೇ ಕಳಿಸಿಬಿಡಿ. ಒಂದು ಚೂರೂ ಬಿಡಬೇಡಿ."

ಲೊರೇನ್ ಮಂಡಿಯೂರಿ ಕೆಳಗಿನ ಡ್ರಾಯರನ್ನು ಪೂರ್ತಿ ಹೊರಗೆಳೆದಳು. ಅದರ ಹಿಂದೆ, ಗೋಡೆಗೆ ಒತ್ತಿಕೊಂಡು, ಒಂದು ಹಾಳೆ ಸಿಕ್ಕಿಬಿದ್ದಿತ್ತು. ಮುಖ್ಯ ಕಚೇರಿಗೆ ಬರೆದ ಪತ್ರ. ಟೈಪು ಮಾಡಿದವಳು ಅವಳೇ. ಮೂಲೆಯಲ್ಲಿ ಅವಳದೇ ಹೆಸರಿನ ಮೊದಲಕ್ಷರಗಳು. ಹನ್ನೊಂದು ವರ್ಷದ ಹಿಂದಿನ ನವೆಂಬರು, ವರ್ಷಕ್ಕೊಮ್ಮೆ ಜಿಂಕೆ ಬೇಟೆಗೆ ಅನುಮತಿ ಶುರುವಾಗುವ ಹಿಂದಿನ ದಿನ. ಆ ದಿನ ಮಧ್ಯಾಹ್ನವಾದರೆ ಮಿಲ್ಲಿನಲ್ಲಿ ಯಾರು ತಾನೇ ಉಳಿಯುತ್ತಾರೆ? ಸಹಿ ಹಾಕಬೇಕಿದ್ದ ಆಗಿನ ಮೇಸ್ತ್ರಿ ಕೋವಿ ಹೆಗಲಿಗೇರಿಸಿ ಕಾಡು ಸೇರಿದ್ದ. ಸಹಿಯ ಜಾಗ ಇನ್ನೂ ಖಾಲಿ.

ಅವಳು ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಆಮೇಲೆ, ಯಾರ ಸಹಿಗೂ ಕಾಯದೆ, ಹಾಳೆಯನ್ನು ಸ್ಕ್ಯಾನರಿಗೆ ಕೊಟ್ಟು ಕಳಿಸುವ ಗುಂಡಿ ಒತ್ತಿದಳು.

'ಹದಿನಾಲ್ಕನೇ ಪಂಪನ್ನು ಈ ದಿನ ಕಳಚಿ ಗುಜರಿಗೆ ಸಾಗಿಸಲಾಗಿದೆ. ದಯವಿಟ್ಟು ಪಟ್ಟಿಯಿಂದ ತೆಗೆದುಹಾಕುವುದು.'