ಅನುವಾದದಲ್ಲಿ ಅಕ್ಕ

“ನಿಮ್ಮ ಕಥೆಯಲ್ಲಿ ಅಮ್ಮ ಯಾವಾಗ ಸತ್ತಳು? ಎಲ್ಲೂ ಬರೆದೇ ಇಲ್ಲವಲ್ಲ!” ಫೋನಿನ ಸ್ಪೀಕರಿನಲ್ಲಿ ಅನುವಾದಕಿಯ ದನಿ ಕೇಳಿತು. ಪುಸ್ತಕ ಓದಿಯೇ ಈ ಭಾಷೆ ಕಲಿತ ಪರದೇಶದವಳು.

ಕಥೆ ಬರೆದ ಮಗಳು ತಿರುಗಿ ನೋಡಿದಳು. ಕಥೆಯೊಳಗಿನ ಅಮ್ಮ ಪಕ್ಕದಲ್ಲೇ ಕೂತು ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು. ಸೋದರಮಾವ ಕರೆಯುವುದನ್ನು ಕೇಳಿ ಕೇಳಿ ಮಗಳೂ ಅವಳನ್ನು ಚಿಕ್ಕಂದಿನಿಂದ ‘ಅಕ್ಕ’ ಎಂದೇ ಕರೆದವಳು. ಕಥೆಯಲ್ಲೂ ಹಾಗೇ ಬರೆದಿದ್ದಳು.

“ಅಯ್ಯೋ, ನನ್ನ ಸಾಯಿಸೇಬಿಟ್ಟಳಲ್ಲೇ!” ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು. “ಗುಂಡುಕಲ್ಲಿನ ಹಾಗೆ ಇದ್ದೀನಿ ಅಂತ ಹೇಳೇ.”

“ನನ್ನ ಅನುವಾದ ಓದಿ ತೀರ್ಪುಗಾರರು ಮಾರುಹೋಗಿದ್ದೇ ಅದಕ್ಕೆ,” ಅನುವಾದಕಿ ಸಂಭ್ರಮದಿಂದ ಮುಂದುವರಿಸಿದಳು. “ತಾಯಿಯಿಲ್ಲದ ತಂಗಿಯನ್ನು ಸಾಕಿದ ಅಕ್ಕ! ಇಂಥ ಕಥೆ ಓದಿಲ್ಲ ಅಂದರು. ಬಹುಮಾನ ಬಂದರೆ ನಿಮ್ಮ ಮೊದಲ ಪುಸ್ತಕವೇ ಎಷ್ಟೋ ದೇಶಗಳಿಗೆ ಹೋಗುತ್ತದೆ. ಹೇಳಿ, ಅಮ್ಮ ಯಾವಾಗ ಸತ್ತಳು?”

ಅಕ್ಕ ನಗುತ್ತಲೇ ಮಗಳನ್ನು ಮೊಣಕೈಯಿಂದ ತಿವಿದಳು. ಮಗಳು ಅಕ್ಕನ ಮುಖ ನೋಡದೆ ಫೋನಿನತ್ತ ಬಾಗಿದಳು.

“ಕಥೆ ಶುರುವಾಗೋಕೆ ಮುಂಚೇನೇ... ಹೋಗಿಬಿಟ್ಟಿದ್ದಳು.”

ಪಕ್ಕೆಗೆ ತಾಗಿದ್ದ ಮೊಣಕೈ ಮೆಲ್ಲಗೆ ಹಿಂದೆ ಸರಿಯಿತು.