ಮ್ಯಾಚಿಗೆ ಮುಂಚಿನ ಮುದ್ದೆ

ಅರಿಶಿನಕುಂಟೆಯ ಮಾರಕ್ಕನ ಮನೆ ಬಾಗಿಲಲ್ಲಿ ನಿಂತು ಅವಳ ತಮ್ಮ ವೇಣುಗೋಪಾಲನಿಗೆ ನಾನು ಕೊನೆಯ ಸಲ ಹೇಳಿದೆ: ಅಮ್ಮ ಕೊಟ್ಟುಕಳಿಸಿದ ಅವರೆಕಾಯಿ ಚೀಲ ಅಕ್ಕನ ಕೈಗೆ ಕೊಡಬೇಕು, ಚೆನ್ನಾಗಿದ್ದೀಯಾ ಅನ್ನಬೇಕು, ಬಂದ ಕಾಲಲ್ಲೇ ತಿರುಗಬೇಕು. ಒಳಗೆ ಹೋಗಿ ಕೂತರೆ ಕೆಟ್ಟೆವು. ಆಗಲೇ ಒಂದೂವರೆ ಗಂಟೆ. ಮೂರಕ್ಕೆ ಫುಟ್‌ಬಾಲ್ ಮ್ಯಾಚು, ಅದೂ ಇದೇ ಊರಿನ ತಂಡದ ಮೇಲೆ.

ಕುಂದಾಣದಿಂದ ನಾವು ಹನ್ನೊಂದು ಹುಲಿಗಳು ದ್ರಾಕ್ಷಿ ಸಾಗಿಸುವ ಟೆಂಪೋದಲ್ಲಿ ನಿಂತುಕೊಂಡೇ ಬಂದಿದ್ದೆವು. ನಾವು ಹಾಕಿದ ಜೈಕಾರಕ್ಕೆ ದೊಡ್ಡಬಳ್ಳಾಪುರದ ಮಗ್ಗಗಳು ಐದು ನಿಮಿಷ ನಿಂತುಹೋದವು. ಕ್ಯಾಪ್ಟನ್ ನಾನೇ, ಚಲಪತಿ. ನನ್ನಂಥ ಆಟಗಾರ ಜಿಲ್ಲೆಯಲ್ಲಿಲ್ಲ. ಜೊತೆಗೆ ಚೆಂಡೂ ನನ್ನದೇ. ತಂಡಕ್ಕೆ ಇದ್ದ ಒಂದೇ ಒಂದು ಊನವೆಂದರೆ ಈ ವೇಣುಗೋಪಾಲ. ಮೂರು ವರ್ಷದಿಂದ ಹತ್ತನೇ ನಂಬರಿನ ಅಂಗಿ ತೊಟ್ಟು ಮುಂದೆ ನಿಲ್ಲುತ್ತಿದ್ದಾನೆ, ಒಂದು ಗೋಲಿಲ್ಲ. ಅವನು ಗುರಿಯಿಟ್ಟು ಹೊಡೆದ ಚೆಂಡಿಗೆ ಕುಂದಾಣದ ಅರ್ಧ ಹೆಂಚು ಪುಡಿಯಾಗಿವೆ. ಇವತ್ತೂ ಗೋಲು ಹೊಡೆಯದಿದ್ದರೆ ಆ ಅಂಗಿ ಬಿಚ್ಚಿ ಬೇರೆಯವರಿಗೆ ಕೊಡಬೇಕೆಂದು ಟೆಂಪೋದಲ್ಲೇ ತೀರ್ಮಾನವಾಗಿತ್ತು. ಅವನು ಆಗಲಿ ಎಂದ. ಆಮೇಲೆ ನೆಲಮಂಗಲದವರೆಗೂ ಅಂಗಿಯ ಮೇಲಿನ ಧೂಳು ಕೊಡವುತ್ತಲೇ ಇದ್ದ.

ಉಳಿದ ಒಂಬತ್ತು ಜನ ನೇರ ಮೈದಾನಕ್ಕೆ ಹೋಗಿದ್ದರು. ಚೀಲ ಕೊಟ್ಟ ಎರಡನೇ ನಿಮಿಷಕ್ಕೆ ನಾವಿಬ್ಬರೂ ತಟ್ಟೆಯ ಮುಂದಿದ್ದೆವು. ತಮ್ಮ ಬಾಗಿಲವರೆಗೂ ಬಂದು ಉಣ್ಣದೆ ಹೋದರೆ ಬೀದಿಯವರು ಏನಂದಾರು ಎನ್ನುತ್ತಾ ಮಾರಕ್ಕ ಕ್ಯಾಪ್ಟನ್ ಅನ್ನೋದನ್ನೂ ನೋಡದೆ ನನ್ನನ್ನೂ ಎಳೆದು ಕೂರಿಸಿದ್ದಳು. ನಾಟಿ ಕೋಳಿ ಸಾರು. ಒಂದೊಂದು ಮುದ್ದೆಯೂ ನಮ್ಮ ಚೆಂಡಿಗೆ ಅಣ್ಣನಂತಿತ್ತು. ನೆಂಟರು ಉಣ್ಣುವಾಗ ಮನೆಯ ಯಜಮಾನ ಜೊತೆಗೆ ಕೂತು ಉಣ್ಣಬೇಕು, ಅವರಿಗಿಂತ ಮೊದಲು ಏಳುವ ಹಾಗಿಲ್ಲ. ಹಾಗಾಗಿ ಮಾರಕ್ಕನ ಗಂಡ ಮುನಿರಾಜನೂ ಆಟದ ಅಂಗಿಯಲ್ಲೇ ಬಂದು ಪಕ್ಕಕ್ಕೆ ಕೂತ. ಅರಿಶಿನಕುಂಟೆ ತಂಡದ ಗೋಲ್‌ಕೀಪರ್ ಅವನೇ.

"ಏನ್ ಬಾಮೈದ, ಗೋಲ್ ಕಂಬ ಎಲ್ಲಿರುತ್ತೆ ಅಂತ ಯಾರಾದ್ರೂ ತೋರಿಸಿದ್ರಾ? ನಿಮ್ಮೂರಲ್ಲಿ ಕಂಬ ಅಂದ್ರೆ ದ್ರಾಕ್ಷಿ ಚಪ್ಪರದ್ದೇ ಅಲ್ವಾ?" ಎಂದು ಮುನಿರಾಜ್ ನಕ್ಕ. ಕುಂದಾಣದವರಿಗೆ ಆಟ ಬರುವುದಿಲ್ಲ, ಮಾತೂ ಬರುವುದಿಲ್ಲ, ಬರುವುದು ಊಟವೊಂದೇ ಎಂದು ಇನ್ನೂ ಏನೇನೋ ಅಂದ. ಮಾರಕ್ಕ ತವರಿನ ಪರ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಇನ್ನಷ್ಟು ಮುದ್ದೆ ತಂದಳು.

ನನಗೆ ಅನುಮಾನ ಬಂತು. "ಲೇ, ನಿಮ್ಮಕ್ಕ ಈಗ ಈ ಊರೋಳು ಕಣೋ. ನೀನು ಓಡಬಾರದು ಅಂತ್ಲೇ ಬಡಿಸ್ತಾವ್ಳೆ," ಎಂದು ವೇಣುವಿನ ಕಿವಿಯಲ್ಲಿ ಹೇಳಿದೆ.

"ನಮ್ಮಕ್ಕ ಅಂಥೋಳಲ್ಲ ಕಣ್ಲಾ," ಎಂದು ಅವನು ಎರಡನೆಯದನ್ನು ಮುರಿದ. ಗೆಳೆಯನ ಮೇಲಿನ ಭಾರ ಕಡಿಮೆ ಮಾಡಲೆಂದು ನಾನೊಬ್ಬನೇ ಮೂರು ಉಂಡೆ. ಅದಾದ ಮೇಲೆ ಮಾರಕ್ಕ ಯಾರ ತಟ್ಟೆಗೆ ಎಷ್ಟು ಹಾಕಿದಳೋ ನಾನು ನೋಡಲಿಲ್ಲ. ನನ್ನ ಕಣ್ಣು ಸಾರಿನ ಮೇಲಿತ್ತು.

ಮೈದಾನದಲ್ಲಿ ನಲವತ್ತು ಸಾವಿರ ಜನ. ಒಬ್ಬೊಬ್ಬರನ್ನೇ ಎಣಿಸುವ ಸಣ್ಣ ಬುದ್ಧಿಯವರು ಮಾತ್ರ ಅರವತ್ತು ಜನ, ಆರು ಹಸು ಎನ್ನುತ್ತಾರೆ. ನಾನು ಸಿಡಿಲಿನಂತೆ ಆಡಿದೆ. ಸಿಡಿಲು ಒಂದೇ ಕಡೆ ಬೀಳುತ್ತದಲ್ಲ, ಹಾಗೆ ಹೆಚ್ಚಾಗಿ ಒಂದೇ ಕಡೆ ಇದ್ದೆ. ಎರಡೂ ಕಡೆ ಗೋಲಿಲ್ಲ. ವೇಣು ಹೊಡೆದ ಚೆಂಡನ್ನು ಮೂರು ಸಲ ಪಕ್ಕದ ರಾಗಿ ಹೊಲದಿಂದ ಹುಡುಕಿ ತಂದೆವು. ಇನ್ನು ನಾಲ್ಕು ನಿಮಿಷ ಇದೆ ಅನ್ನುವಾಗ ಚೆಂಡು ಮತ್ತೆ ಅವನ ಕಾಲಿಗೇ ಸಿಕ್ಕಿತು. ಎದುರಿಗೆ ಭಾವ ಒಬ್ಬನೇ.

ಆ ಹೊಡೆತದ ಸದ್ದಿಗೆ ಹೆದ್ದಾರಿಯ ಲಾರಿಗಳೆಲ್ಲ ಬ್ರೇಕ್ ಹಾಕಿದವು ಎಂದು ಊರಲ್ಲಿ ಹೇಳಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಚೆಂಡು ಅವನ ಹೆಬ್ಬೆರಳಿಗೆ ತಗುಲಿ, ಮನಸ್ಸಿಲ್ಲದ ಮನಸ್ಸಿನಿಂದ ಉರುಳುತ್ತಾ ಎಡಗಂಬದ ಕಡೆಗೆ ಹೊರಟಿತು. ಮುನಿರಾಜ್ ಅದನ್ನು ಚೆನ್ನಾಗಿಯೇ ನೋಡಿದ. ಹಾರಲು ಮಂಡಿ ಬಗ್ಗಿಸಿದ. ಬಗ್ಗಿದವನು ಹಾಗೇ ನಿಂತ, ಎರಡೂ ಕೈ ಹೊಟ್ಟೆಯ ಮೇಲೆ. ಚೆಂಡು ಅವನ ಪಕ್ಕದಲ್ಲೇ ನಿಧಾನವಾಗಿ ಸಾಗಿ ಗೆರೆ ದಾಟಿತು.

ನಾವೆಲ್ಲ ಹೋಗಿ ಮೇಲೆ ಬಿದ್ದರೂ ವೇಣು ನಂಬಲಿಲ್ಲ. "ಒಳಗ್ ಹೋಯ್ತೇನ್ಲಾ?" ಎಂದು ನಮ್ಮ ಅಡಿಯಿಂದಲೇ ಮೂರು ಸಲ ಕೇಳಿದ. ಹತ್ತನೇ ನಂಬರಿನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಇನ್ನೂ ಯಾರಾದರೂ ಬಿಚ್ಚಿಕೊಂಡಾರು ಎನ್ನುವಂತೆ.

ಟೆಂಪೋ ಹೊರಡುವಾಗ ಮಾರಕ್ಕ ಬಂದು, ಅರಿಶಿನಕುಂಟೆಯವರಿಗೆಲ್ಲ ಕೇಳುವ ಹಾಗೆ ತಮ್ಮನಿಗೆ ಬೈದಳು. ಪಕ್ಕದಲ್ಲಿ ಕೂತು ಉಂಡು ಭಾವನ ಮೇಲೇ ಗೋಲು ಹೊಡೆಯಲು ನಾಚಿಕೆಯಾಗುವುದಿಲ್ಲವೇ ಎಂದಳು. ಸ್ವಲ್ಪ ದೂರದಲ್ಲಿ ಮೋಟಾರ್‌ಬೈಕಿಗೆ ಒರಗಿ ನಿಂತಿದ್ದ ಮುನಿರಾಜ್, ಹೆಂಡತಿ ತನ್ನ ಪರ ಆಡಿದ ಮಾತಿಗೆ ಹೆಮ್ಮೆಯಿಂದ ತಲೆಯಾಡಿಸಿದ.

ಆಮೇಲೆ ಅವಳು ಖಾಲಿ ಚೀಲ ಕೊಡುವ ನೆವದಲ್ಲಿ ಟೆಂಪೋದೊಳಕ್ಕೆ ಬಗ್ಗಿ, ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

"ಮುಂದಿನ ತಿಂಗಳು ಕುಂದಾಣದಲ್ಲೇ ಮ್ಯಾಚಂತಲ್ಲ. ಅಳಿಯಂದ್ರು ಬರ್ತಾರೆ ಅಂತ ಅಮ್ಮಂಗೆ ಹೇಳು. ಮುದ್ದೆ ನಾನು ಕಟ್ಟಿದ್ದಕ್ಕಿಂತ ದೊಡ್ಡದಿರಲಿ."